ಏಕದಂಡ ಮೀಮಾಂಸೆ, ಅಥವಾ ನಾಗಪುರದಲ್ಲಿ ಬಾಸ್ ಮೀನಿಗೆ ಗಾಳದ ಕೋಲು ಆರಿಸುವ ಶಾಸ್ತ್ರ

ಶಾಸ್ತ್ರಗ್ರಂಥವೆಂದ ಮೇಲೆ ಅಧಿಕಾರಿ, ವಿಷಯ, ಪ್ರಯೋಜನ, ಸಂಬಂಧ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ಹೇಳಿಬಿಡಬೇಕು. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ನೌಕರಿಯ ನಿಮಿತ್ತ ನಾಗಪುರ ಸೇರಿರುವ, ಭಾನುವಾರ ಕೆರೆಯ ದಂಡೆಗೆ ಹೋಗದಿದ್ದರೆ ಅನ್ನ ಸೇರದ, ಮತ್ತು ಒಂದೇ ಒಂದು ಕೋಲು ಕೊಳ್ಳಲು ಮನೆಯಲ್ಲಿ ಒಪ್ಪಿಗೆ ಪಡೆದಿರುವ ಕನ್ನಡಿಗ. ವಿಷಯ: ಬೇಟ್‌ಕಾಸ್ಟಿಂಗ್ ಕೋಲು ಹಾಗೂ ಅದರ ದಾರ. ಪ್ರಯೋಜನ: ಬಾಸ್ ಮೀನು. ಸಂಬಂಧದಲ್ಲಿ ಮಾತ್ರ ಸಣ್ಣ ತೊಡಕಿದೆ. ಅಂಬಾಝರಿ, ಫುಟಾಳಾ, ಗೋರೆವಾಡಾ, ಸೋನೆಗಾಂವ್, ಯಾವ ಕೆರೆಯಲ್ಲಿ ಹುಡುಕಿದರೂ ಬಾಸ್ ಇಲ್ಲ.

ಇದರಿಂದ ಶಾಸ್ತ್ರಕ್ಕೇನೂ ಕುಂದಿಲ್ಲ. ಮೊಲದ ಕೊಂಬು, ಆಕಾಶದ ಹೂವು ಇವುಗಳ ಮೇಲೆ ನಮ್ಮ ತಾರ್ಕಿಕರು ಶತಮಾನಗಟ್ಟಲೆ ವಾದಿಸಿದ್ದಾರೆ. ಅವುಗಳ ಮುಂದೆ ಬಾಸ್ ಎಷ್ಟೋ ವಾಸಿ, ಅದು ಅಮೆರಿಕದಲ್ಲಾದರೂ ಇದೆ. 1932ರ ಜೂನ್ 2ರಂದು ಜಾರ್ಜ್ ಪೆರಿ ಎಂಬಾತ ಜಾರ್ಜಿಯಾ ರಾಜ್ಯದಲ್ಲಿ 22 ಪೌಂಡು 4 ಔನ್ಸು ತೂಗಿದ ಬಾಸ್ ಹಿಡಿದ. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದದ್ದು ಅದಕ್ಕಿಂತ ಒಂದು ಔನ್ಸಿಗೂ ಚೂರು ಕಡಿಮೆಯಷ್ಟು ಹೆಚ್ಚು ತೂಗಿತು. ಎರಡು ಔನ್ಸು ಮೀರದಿದ್ದರೆ ದಾಖಲೆ ಸಮವೆಂದೇ ಲೆಕ್ಕ ಎಂಬ ನಿಯಮವಿರುವುದರಿಂದ ಇಬ್ಬರನ್ನೂ ಒಂದೇ ಪೀಠದಲ್ಲಿ ಕೂರಿಸಲಾಗಿದೆ. ವ್ಯಾಕರಣದವರೂ ಇಷ್ಟು ಮಡಿ ಮಾಡುವುದಿಲ್ಲ.

ಇನ್ನು ಪರಂಪರೆ. ಗಾಳ ಹಾಕುವುದು ಕೆಲಸವಿಲ್ಲದವರ ಕೆಲಸ ಎಂದು ಮೂಗು ಮುರಿಯುವವರಿಗೆ ಕಲ್ಯಾಣದಲ್ಲೇ ಉತ್ತರವಿದೆ. ಚಾಲುಕ್ಯರ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ ನೂರು ಅಧ್ಯಾಯಗಳ ಗ್ರಂಥ. ಅದರ ನಾಲ್ಕನೆಯ ವಿಂಶತಿಯಲ್ಲಿ ಆನೆ, ಕುದುರೆ, ಮಲ್ಲರ ವಿನೋದಗಳ ಪಂಕ್ತಿಯಲ್ಲೇ ಮತ್ಸ್ಯವಿನೋದಕ್ಕೂ ಎಲೆ ಹಾಕಲಾಗಿದೆ. ಕಡಲ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಯಾವ ಮೇವು ಎಂದೆಲ್ಲ ಅರಸ ವಿಂಗಡಿಸಿದ್ದಾನೆ. ಪ್ರಾಣಿಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಏಷ್ಯಾಟಿಕ್ ಸೊಸೈಟಿಯ ನಿಯತಕಾಲಿಕದಲ್ಲಿ ಈ ಅಧ್ಯಾಯವನ್ನು ಲೋಕಕ್ಕೆ ಪರಿಚಯಿಸಿದರು. ಸೋಮೇಶ್ವರನಿಗೆ ಸರ್ವಜ್ಞ ಎಂಬ ಬಿರುದಿತ್ತು. ಗಾಳ ಹಾಕುವವರಲ್ಲಿ ಆ ಬಿರುದು ಇಲ್ಲದವರು ಇಂದಿಗೂ ಕಡಿಮೆ. ಅವನಿಗೆ ಅದು ಅಧಿಕೃತವಾಗಿತ್ತು, ಅಷ್ಟೇ ವ್ಯತ್ಯಾಸ.

ನಾಗಪುರದ ಸೀತಾಬರ್ಡಿಯಲ್ಲಿ ಸಿಕ್ಕ ಶಕ 1008ರ, ಅಂದರೆ 1087ರ ಶಾಸನವೊಂದು ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯನ್ನು ಹೇಳಿ, ಧಾಡಿಭಂಡಕನೆಂಬ ಅವನ ಸಾಮಂತನನ್ನು ಹೆಸರಿಸುತ್ತದೆ. ಆ ವಿಕ್ರಮಾದಿತ್ಯನ ಮಗನೇ ನಮ್ಮ ಸೋಮೇಶ್ವರ. ಆದ್ದರಿಂದ ನಾಗಪುರದ ನೀರಿನಲ್ಲಿ ಗಾಳ ಬಿಡುವುದು ಕನ್ನಡಿಗನಿಗೆ ಪಿತ್ರಾರ್ಜಿತ ಹಕ್ಕು ಎಂದು ಸಾಧಿಸಬಹುದು. ಇದಕ್ಕಿಂತ ತೆಳ್ಳಗಿನ ಆಧಾರದ ಮೇಲೆ ಪಿಎಚ್.ಡಿ.ಗಳು ನಿಂತಿವೆ. ಶಾಸನ ಮೀನಿನ ಸುದ್ದಿಯನ್ನೇ ಎತ್ತುವುದಿಲ್ಲವೆಂಬುದು ನಿಜ. ಎತ್ತದಿರುವುದು ನಿಷೇಧವಲ್ಲ.

ಮುಂದಿನ ಕೊಂಡಿಯೂ ನಮ್ಮದೇ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಭಾರತದಲ್ಲಿ ಕೋಲು ಹಿಡಿದ ಇಂಗ್ಲಿಷರಿಗೆಲ್ಲ ಅದೇ ಪಾರಾಯಣ ಗ್ರಂಥವಾಯಿತು. ಕಂದಾಯ ವಸೂಲಿಯ ನಡುವೆ ಇಷ್ಟು ಮೀನಿನ ವಿಚಾರ ಬರೆಯಲು ಕಲೆಕ್ಟರಿಗೆ ಬಿಡುವು ಹೇಗೆ ಸಿಕ್ಕಿತೆಂಬುದು ಬೇರೆ ಸಂಶೋಧನೆಗೆ ತಕ್ಕ ವಸ್ತು.

ಈಗ ಕೋಲಿನ ಪ್ರಕರಣ. ಸನ್ಯಾಸಿಗಳಲ್ಲಿ ಏಕದಂಡಿಗಳು, ತ್ರಿದಂಡಿಗಳು ಎಂದು ಎರಡು ಬಗೆ. ಅಮೆರಿಕದ ಬಾಸ್ ಸ್ಪರ್ಧೆಗಳಿಗೆ ಇಳಿಯುವವರು ಮೂರನೆಯ ಬಗೆ, ಬಹುದಂಡಿಗಳು: ದೋಣಿಯ ಮೇಲೆ ಡಜನ್ನು ಕೋಲು ಸಾಲಾಗಿ ಮಲಗಿಸಿಕೊಂಡು, ಒಂದೊಂದು ಹುಸಿಮೇವಿಗೆ ಒಂದೊಂದು ಎತ್ತುತ್ತಾರೆ. ನಮ್ಮ ಅಧಿಕಾರಿಗೆ ಮನೆಯಿಂದ ದೊರೆತಿರುವುದು ಏಕದಂಡ ದೀಕ್ಷೆ. ಸರ್ವೋಪಯೋಗಿ ಕೋಲು ಎಂಬ ಕಲ್ಪನೆ ಹುಟ್ಟಿದ್ದು ತತ್ತ್ವದಿಂದಲ್ಲ, ಈ ಬಜೆಟ್ಟಿನಿಂದ.

ಕೋಲಿಗೆ ಎರಡು ಗುಣ. ಎಷ್ಟು ಭಾರಕ್ಕೆ ಬಗ್ಗುತ್ತದೆ ಎಂಬುದು ಪವರ್. ಎಲ್ಲಿಂದ ಬಗ್ಗುತ್ತದೆ ಎಂಬುದು ಆಕ್ಷನ್. ತುದಿಯ ಮೂರನೇ ಒಂದು ಭಾಗದಷ್ಟು ಮಾತ್ರ ಬಾಗಿ ಉಳಿದದ್ದು ಸೆಟೆದುಕೊಂಡರೆ ಫಾಸ್ಟ್, ನಡುವಿನಿಂದಲೇ ನಮಸ್ಕಾರ ಹಾಕಿದರೆ ಮಾಡರೇಟ್. ಅಂಗಡಿಯಲ್ಲಿ ಇವೆರಡನ್ನೂ ಒಂದೇ ಎಂದು ತಿಳಿದು ಮಾತಾಡುವವರಿಗೆ ಯಾವ ಕೋಲನ್ನು ಬೇಕಾದರೂ ಮಾರಬಹುದು, ಮಾರುತ್ತಾರೆ ಕೂಡ. ಬಾಸ್ ಹಿಡಿಯುವವರು ಒಂದೇ ಕೋಲಿಗೆ ಕಟ್ಟುಬಿದ್ದಾಗ ಬಹುಮತದಿಂದ ಒಪ್ಪಿರುವುದು ಏಳು ಅಡಿ ಉದ್ದ, ಮೀಡಿಯಂ ಹೆವಿ ಪವರ್, ಫಾಸ್ಟ್ ಆಕ್ಷನ್. ಕಾಲು ಔನ್ಸಿನಿಂದ ಒಂದು ಔನ್ಸಿನವರೆಗೆ, ಅಂದರೆ ಸುಮಾರು 7ರಿಂದ 28 ಗ್ರಾಂ ತೂಕದ ಹುಸಿಮೇವನ್ನು ಎಸೆಯಬಲ್ಲದ್ದು.

ಪೂರ್ವಪಕ್ಷ: ಬಿದಿರು ಇರುವಾಗ ಗ್ರಾಫೈಟ್ ಕೋಲು ಯಾಕೆ? ಆಕ್ಷೇಪ ಗಟ್ಟಿಯಾದದ್ದೇ. 19ನೆಯ ಶತಮಾನದ ನಡುಭಾಗದಲ್ಲಿ ಪೆನ್ಸಿಲ್ವೇನಿಯಾದ ಸ್ಯಾಮ್ಯುಯೆಲ್ ಫಿಲಿಪ್ ಬಿದಿರನ್ನು ಸೀಳಿ, ಅಂಟಿಸಿ ಅಮೆರಿಕದ ಮೊದಮೊದಲ ಸೀಳುಬಿದಿರಿನ ಕೋಲುಗಳನ್ನು ಮಾಡಿದಾಗ ಬಳಸಿದ್ದು ಕಲ್ಕತ್ತಾ ಬಿದಿರನ್ನು. ನಾಗಪುರದ ಮಗ್ಗುಲಿನ ಗಡಚಿರೋಲಿಯಲ್ಲಂತೂ ಬಿದಿರಿಗೆ ಚರಿತ್ರೆಯೇ ಇದೆ. ಮೆಂಢಾ ಲೇಖಾ ಗ್ರಾಮದವರು ತಮ್ಮ ಕಾಡಿನ ಬಿದಿರನ್ನು ತಾವೇ ಮಾರುವ ಹಕ್ಕನ್ನು 2011ರಲ್ಲಿ ಪಡೆದರು. ಸಿದ್ಧಾಂತಿಯ ಉತ್ತರ: ತುದಿಗೆ ದಾರ ಕಟ್ಟಿದ ಬಿದಿರಿನ ಕೋಲಿನಿಂದ ಮೀನು ಹಿಡಿಯಬಹುದು, ಆದರೆ ಅದರ ಮೇಲೆ ಪ್ರಬಂಧ ಬರೆಯಲು ಬರುವುದಿಲ್ಲ.

ಅಖಂಡವಾದ, ದ್ವಿಖಂಡವಾದಗಳ ಜಗಳ ಇನ್ನೂ ತೀಕ್ಷ್ಣ. ಒಂದೇ ತುಂಡಿನ ಕೋಲಿನಲ್ಲಿ ಮೀನು ಮುಟ್ಟಿದ್ದು ಅಂಗೈಗೆ ತಡೆಯಿಲ್ಲದೆ ತಿಳಿಯುತ್ತದೆ ಎಂದು ಅಖಂಡವಾದಿಗಳು. ಏಳಡಿಯ ಅಖಂಡವನ್ನು ರೈಲಿನ ಆರಡಿಯ ಬರ್ತಿನಲ್ಲಿ ಎಲ್ಲಿ ಮಲಗಿಸುತ್ತೀರಿ ಎಂದು ಎದುರಾಳಿಗಳು. ಬೆಂಗಳೂರಿನಿಂದ ಸಂಘಮಿತ್ರಾ ಎಕ್ಸ್‌ಪ್ರೆಸ್ಸಿನಲ್ಲಿ ಬಲ್ಲಾರ್‌ಷಾ ದಾಟಿ ನಾಗಪುರಕ್ಕೆ ಬರುವವನಿಗೆ ವಾದ ಅಲ್ಲಿಗೇ ಮುಗಿಯುತ್ತದೆ. ಎರಡು ತುಂಡಿನದನ್ನೇ ಕೊಳ್ಳಬೇಕು. ಕೂಡುವ ಜಾಗ ಇಂದಿನ ಕೋಲುಗಳಲ್ಲಿ ತಕ್ಕಮಟ್ಟಿಗೆ ಗಟ್ಟಿ.

ಬೇಟ್‌ಕಾಸ್ಟಿಂಗ್ ರೀಲಿನ ಮೂಲಪುರುಷ ಗಡಿಯಾರ ರಿಪೇರಿಯವನು. ಕೆಂಟಕಿಯ ಪ್ಯಾರಿಸ್ ಎಂಬ ಊರಿನ ಜಾರ್ಜ್ ಸ್ನೈಡರ್ 19ನೆಯ ಶತಮಾನದ ಆರಂಭದಲ್ಲಿ, ಹಿಡಿ ಒಂದು ಸುತ್ತು ತಿರುಗಿದರೆ ಉರುಳೆ ಹಲವು ಸುತ್ತು ತಿರುಗುವಂತೆ ಹಲ್ಲುಚಕ್ರ ಜೋಡಿಸಿದ. ಉರುಳೆಯುದ್ದಕ್ಕೂ ದಾರ ಒಂದೇ ಸಮನೆ ಹರಡಿಕೊಳ್ಳುವಂತೆ ಮಾಡುವ ಸಾಧನಕ್ಕೆ ಶತಮಾನದ ಕೊನೆಯಲ್ಲಿ ಪೇಟೆಂಟ್ ಪಡೆದವನು ಮಿಷಿಗನ್ ರಾಜ್ಯದ ವಿಲಿಯಂ ಷೇಕ್ಸ್‌ಪಿಯರ್. ನಾಟಕದವನಲ್ಲ, ಆದರೂ ಇವನ ರೀಲಿನಿಂದ ಕೆರೆಯ ದಂಡೆಯಲ್ಲಿ ನಡೆದಿರುವ ದುರಂತಗಳ ಸಂಖ್ಯೆ ಅವನ ದುರಂತಗಳಿಗಿಂತ ಕಡಿಮೆಯಿರಲಾರದು.

ದುರಂತದ ಕಾರಣ ಸರಳ ಭೌತಶಾಸ್ತ್ರ. ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಉರುಳೆ ಅಲುಗುವುದಿಲ್ಲ, ದಾರ ಅಂಚಿನಿಂದ ಕಳಚಿಕೊಂಡು ಹೋಗುತ್ತದೆ. ಬೇಟ್‌ಕಾಸ್ಟಿಂಗಿನಲ್ಲಿ ಉರುಳೆಯೇ ತಿರುಗಬೇಕು. ಹುಸಿಮೇವು ಗಾಳಿಯನ್ನು ಸೀಳುತ್ತ ನಿಧಾನವಾದರೂ ಉರುಳೆಗೆ ಸುದ್ದಿ ಮುಟ್ಟಿರುವುದಿಲ್ಲ. ಅದು ತನ್ನ ಮೊದಲ ರಭಸದಲ್ಲೇ ದಾರ ಬಿಡುತ್ತ ಹೋಗಿ ಕ್ಷಣದಲ್ಲಿ ಸಿಕ್ಕು ಕಟ್ಟುತ್ತದೆ. ತಡೆಯಲು ಆಯಸ್ಕಾಂತದ ಬ್ರೇಕು, ಕೇಂದ್ರಾಪಗಾಮಿ ಬ್ರೇಕು, ಇವೆರಡಕ್ಕೂ ಮಿಗಿಲಾಗಿ ಹೆಬ್ಬೆರಳು. ಹುಸಿಮೇವನ್ನು ಕೋಲಿನ ತುದಿಯಿಂದ ಇಳಿಬಿಟ್ಟಾಗ ಅದು ನಿಧಾನವಾಗಿ ಜಾರಿ, ನೆಲ ಮುಟ್ಟಿದೊಡನೆ ಉರುಳೆ ನಿಂತರೆ ಬಿಗಿ ಸರಿಯಿದೆ. ತೂಕ ಬದಲಾದರೆ ಮತ್ತೆ ಮೊದಲಿನಿಂದ.

ದಾರದ ವಿಷಯದಲ್ಲಿ ಮೂರು ಮತಗಳು. ಮೊದಲನೆಯದು ನೈಲಾನ್ ಮತ, ನಮ್ಮ ಹಳ್ಳಿಗಳ ತಂಗೂಸಿ. 1938ರಲ್ಲಿ ಡ್ಯೂಪಾಂಟ್ ಕಂಪನಿ ಲೋಕಕ್ಕೆ ಸಾರಿದ ಈ ವಸ್ತು ಅಗ್ಗ, ಗಂಟಿಗೆ ಒಗ್ಗುತ್ತದೆ, ಆದರೆ ಹಿಗ್ಗುತ್ತದೆ, ನೀರು ಕುಡಿದರೆ ಮತ್ತಷ್ಟು. ಎರಡನೆಯದು ಫ್ಲೋರೋಕಾರ್ಬನ್, ಇದು ಅಪ್ಪಟ ಮಾಯಾವಾದ: ದಾರ ಇದೆ, ಆದರೆ ತೋರುವುದಿಲ್ಲ. ನೀರಿನ ವಕ್ರೀಭವನ ಸೂಚ್ಯಂಕ 1.33, ಫ್ಲೋರೋಕಾರ್ಬನ್ನಿನದು 1.42, ನೈಲಾನಿನದು 1.5ರ ಮೇಲೆ. ಬಾಸ್ ಜನರು ಒಂದೇ ದಾರ ಹೆಸರಿಸಿ ಎಂದರೆ 15 ಪೌಂಡಿನ ಇದನ್ನೇ ಹೇಳುವುದು ಹೆಚ್ಚು. ಮೂರನೆಯದು ಪಾಲಿಎಥಿಲೀನ್ ಎಳೆಗಳನ್ನು ಹೆಣೆದ ಬ್ರೇಡ್. ಕಣ್ಣಿಗೆ ರಾಚುತ್ತದೆ, ಹಿಗ್ಗುವುದಿಲ್ಲ, ತೇಲುತ್ತದೆ. ಅದರ ಪೊಟ್ಟಣದ ಮೇಲೆ ಎರಡೆರಡು ಅಂಕೆ: 50 ಪೌಂಡಿನ ಬಲ, 12 ಪೌಂಡಿನ ನೈಲಾನಿನಷ್ಟೇ ದಪ್ಪ.

ಈ ಮೂರನ್ನೂ ಒಲ್ಲದ ಚಾರ್ವಾಕರು ಫುಟಾಳಾದಂಥ ಕೆರೆಗಳ ಕಟ್ಟೆಯ ಮೇಲೆ ಸಿಗುತ್ತಾರೆ. ಖಾಲಿ ನೀರಿನ ಬಾಟಲಿಗೆ ಸುತ್ತಿದ ತಂಗೂಸಿ, ಒಂದು ಗಾಳ, ಕಲಸಿದ ಹಿಟ್ಟು; ಕೋಲೂ ಇಲ್ಲ, ರೀಲೂ ಇಲ್ಲ, ಸಿಕ್ಕೂ ಇಲ್ಲ. ಇವರ ಚೀಲದಲ್ಲಿ ತಿಲಾಪಿಯಾ ಇರುತ್ತದೆ. ಶಾಸ್ತ್ರ ಇದನ್ನು ಪ್ರಮಾಣವೆಂದು ಸ್ವೀಕರಿಸುವುದಿಲ್ಲ.

ಕೊನೆಗೆ ತೀರ್ಪು ಕೊಡಬೇಕಾದವನು ಬಾಸ್ ಅಲ್ಲ, ಮರಳ. ಮರಾಠಿಯವರು ಮರಳ ಎನ್ನುವ ಈ ಮೀನು ನಮ್ಮ ಕಡೆಯ ಕೊರವ. ಕಳೆ ತುಂಬಿದ ನಿಂತ ನೀರು ಇದಕ್ಕೆ ಪ್ರಿಯ; ಕಿವಿರು ಸಾಲದೆ ಆಗಾಗ ಮೇಲೆ ಬಂದು ಗಾಳಿ ನುಂಗಲೇಬೇಕು; ಕಪ್ಪೆ ಕಂಡರೆ ಬಿಡುವುದಿಲ್ಲ. ಅಮೆರಿಕದಲ್ಲಿ ಬಾಸ್‌ಗೆಂದು ಮಾಡಿದ ರಬ್ಬರ್ ಕಪ್ಪೆ, ಗಾಳದ ಮೊನೆಯನ್ನು ಬೆನ್ನ ಮೇಲೆ ಮಡಚಿಟ್ಟುಕೊಂಡು ಕಳೆಯ ಮೇಲೆ ಜಾರುವಂಥದ್ದು, ಮರಳಕ್ಕೂ ಸರಿಹೊಂದುತ್ತದೆ. ಇಲ್ಲಿ ಮಾಯಾವಾದ ಮುರಿದುಬೀಳುತ್ತದೆ. ಬಗ್ಗಡದ ನೀರಿನಲ್ಲಿ ವಕ್ರೀಭವನ ಯಾರಿಗೆ ಬೇಕು? ಮೇಲಾಗಿ ಫ್ಲೋರೋಕಾರ್ಬನ್ನಿನ ಸಾಂದ್ರತೆ 1.78, ಮುಳುಗುತ್ತ ಕಪ್ಪೆಯ ಮೂತಿಯನ್ನೂ ಕೆಳಗೆಳೆಯುತ್ತದೆ. ಅಂತರಗಂಗೆ ಅಂಬಾಝರಿಯನ್ನು ಮುತ್ತಿಕೊಂಡ ಸುದ್ದಿ ನಾಗಪುರದವರಿಗೆ ಹೊಸದಲ್ಲ; ಅಂಥ ಹಾಸನ್ನು ಸೀಳಿಕೊಂಡು ಮೀನನ್ನು ಎಳೆಯಬಲ್ಲದ್ದು ಬ್ರೇಡ್ ಒಂದೇ. ಮರಳದ ದವಡೆ ಎಲುಬಿನಂತೆ ಗಟ್ಟಿ, ಗಾಳ ನೆಡಲು ಕೋಲಿಗೆ ಸೊಂಟ ಬೇಕು. ಏಳಡಿಯ ಮೀಡಿಯಂ ಹೆವಿ ಅಲ್ಲೂ ಗೆಲ್ಲುತ್ತದೆ. 50 ಪೌಂಡಿನ ದಾರವಿದೆಯೆಂದು ಮೀನು ಎಳೆದಾಗ ದಾರ ಬಿಟ್ಟುಕೊಡುವ ರೀಲಿನ ಡ್ರ್ಯಾಗನ್ನು ಪೂರ್ತಿ ಬಿಗಿಯುವವನು ಮಾತ್ರ ಕೋಲಿನ ಮೇಲೆ ಮುದ್ರಿಸಿದ ಅಂಕೆಯನ್ನು ಓದಿಲ್ಲ. ಮೂರು ನಾಲ್ಕು ಕಿಲೋ ಬಿಗಿ ಸಾಕು.

ಮಳೆಗಾಲದಲ್ಲಿ ನೀರಿನ ಮೇಲ್ಮೈಯಲ್ಲಿ ಕೆಂಪು ಮರಿಗಳ ಗುಂಪು ಮಿಸುಕುತ್ತಿದ್ದರೆ ಕೆಳಗೆ ತಂದೆತಾಯಿ ಕಾವಲಿರುತ್ತವೆ. ಅಲ್ಲಿಗೆ ಕಪ್ಪೆ ಎಸೆದರೆ ಮೀನು ಖಂಡಿತ ಕಚ್ಚುತ್ತದೆ, ಹಸಿವಿನಿಂದಲ್ಲ. ತಿಳಿದವರು ಎಸೆಯುವುದಿಲ್ಲ. ಪೇಂಚ್ ಹುಲಿ ಮೀಸಲಿನೊಳಗಿನ ತೋತಲಾಡೋಹ್ ಜಲಾಶಯದಲ್ಲಂತೂ ಯಾವ ದಾರವೂ ಬೇಡ, ಅಲ್ಲಿ ಮೀನು ಹಿಡಿಯುವುದಕ್ಕೇ ನಿಷೇಧ. ಮಿಕ್ಕ ಎಷ್ಟೋ ಕೆರೆಗಳ ಮೀನಿನ ಹಕ್ಕು ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆಯಾಗಿರುತ್ತದೆ. ಧಾಡಿಭಂಡಕನ ಶಾಸನವನ್ನು ಅವರ ಮುಂದೆ ಓದಿ ಪ್ರಯೋಜನವಿಲ್ಲ, ಅನುಮತಿ ಕೇಳಬೇಕು.

ನಿರ್ಣಯವಾಗಿ ದಾರವೂ ಮನೆಗೆ ಬಂದ ಮೇಲೆ ಒಂದು ಉಪದ್ರವ ಉಳಿಯುತ್ತದೆ. ನುಣುಪಾದ ಲೋಹದ ಉರುಳೆಗೆ ಬ್ರೇಡನ್ನು ನೇರವಾಗಿ ಸುತ್ತಿದರೆ ಹಿಡಿತವಿಲ್ಲದೆ ದಾರದ ಸುತ್ತೆಲ್ಲ ಒಟ್ಟಿಗೇ ಜಾರುತ್ತದೆ, ಡ್ರ್ಯಾಗ್ ಕೆಟ್ಟಿದೆಯೆಂದು ಮಾಲೀಕ ಅಂಗಡಿಗೆ ಓಡುತ್ತಾನೆ. ಅದಕ್ಕೆ ಮೊದಲು ಕೆಲವು ಮೀಟರು ನೈಲಾನ್ ಸುತ್ತಿ, ಅದರ ತುದಿಗೆ ಬ್ರೇಡ್ ಗಂಟು ಹಾಕಬೇಕು. ಹೀಗೆ ಮೂರು ಮತಗಳ ವಾದದಲ್ಲಿ ಸೋತುಹೋಗಿದ್ದ ತಂಗೂಸಿಯನ್ನು ಕಟ್ಟೆಯ ಮೇಲಿನ ಚಾರ್ವಾಕನಿಂದಲೇ ಹತ್ತು ಮೀಟರು ಕಡ ತರಬೇಕಾಗುತ್ತದೆ.