ಲೈಸೆನ್ಸ್ ಮಾವ

ಮದುವೆಯ ಲಗ್ನಪತ್ರಿಕೆಯಲ್ಲಿ ತಮ್ಮ ಹೆಸರಿನ ಕೆಳಗೆ ‘ಕ್ಲಾಸ್ ಒನ್ ಎಲೆಕ್ಟ್ರಿಕಲ್ ಕಂಟ್ರಾಕ್ಟರ್’ ಎಂದು ಅಚ್ಚಾಗದಿದ್ದರೆ ಲೈಸೆನ್ಸ್ ಮಾವ ಊಟಕ್ಕೆ ಕೂರುವುದಿಲ್ಲ. ಒಮ್ಮೆ ಅಚ್ಚಿನವನು ‘ಕ್ಲಾಸ್ ಒನ್’ ನುಂಗಿಬಿಟ್ಟಿದ್ದ. ಸ್ವಂತ ತಂಗಿಯ ಮಗಳ ಧಾರೆ. ಮಾವ ಬರೀ ಮಜ್ಜಿಗೆ ಕುಡಿದು ಬಂದರು.

ನಮ್ಮ ಬೀದಿಯಲ್ಲಿ ಮನೆ ಕಟ್ಟಿದವರೆಲ್ಲ ಒಂದಲ್ಲ ಒಂದು ದಿನ ಅವರ ಜಗಲಿ ಹತ್ತಲೇಬೇಕು. ಕರೆಂಟ್ ಕನೆಕ್ಷನ್ ಬೇಕಾದರೆ ವೈರಿಂಗ್ ಮುಗಿದಿದೆ, ಪರೀಕ್ಷೆ ಆಗಿದೆ ಎಂದು ಲೈಸೆನ್ಸ್ ಇದ್ದವರು ರುಜು ಹಾಕಬೇಕಲ್ಲ. ನಾನೂ ಹೋದೆ.

“ರೂಲ್ 45 ಏನು ಹೇಳುತ್ತೆ ಗೊತ್ತೇನಯ್ಯಾ?” ಅಂದರು. ಗೊತ್ತಿರಲಿಲ್ಲ. ಹೇಳಿದರು. ಸರ್ಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರನೇ ಕೆಲಸ ಹಿಡಿಯಬೇಕು. ಅರ್ಹತಾಪತ್ರವಿರುವ ಸೂಪರ್‌ವೈಸರ್ ಖುದ್ದು ನಿಂತು ನೋಡಬೇಕು. ಪರ್ಮಿಟ್ ಇರುವ ವೈರ್‌ಮನ್ನೇ ತಂತಿ ಮುಟ್ಟಬೇಕು. ಇದು 1956ರ ನಿಯಮ. 2010ರಲ್ಲಿ ಅದರ ಜಾಗಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಬಂಧನೆಗಳು ಬಂದವು, 2023ರಲ್ಲಿ ಅವೂ ಹೊಸದಾದವು. ಮಾವನ ಮಗ ಇದನ್ನು ಜ್ಞಾಪಿಸಿದರೆ, “ಮನೆ ಮಾರಿದರೂ ಮನೆತನದ ಹೆಸರು ಹೋಗುತ್ತೇನೋ?” ಎಂದು ಗದರಿಸುತ್ತಾರೆ.

ಈ ಮೂವರ ಪೈಕಿ ನಮ್ಮ ಮನೆಗೆ ಬಂದವರು ಯಾರೂ ಇಲ್ಲ. ಕಾಗದದಲ್ಲಿರುವ ಸೂಪರ್‌ವೈಸರ್ ಈಗ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾನೆ. ಪರ್ಮಿಟ್ ಇರುವ ವೈರ್‌ಮನ್ ದುಬೈ ಸೇರಿ ವರ್ಷಗಳಾದವು. ಕಾಗದದ ಲೆಕ್ಕದಲ್ಲಿ ನಮ್ಮ ಮಹಡಿಯಲ್ಲಿ ಇನ್ನೂ ಪೈಪಿನೊಳಗೆ ತಂತಿ ಎಳೆಯುತ್ತಿದ್ದಾನೆ. ನಿಜವಾಗಿ ಎಳೆದದ್ದು ಒಬ್ಬ ಹುಡುಗ. ತಂತಿಯ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು, ಪಕ್ಕಕ್ಕೆ ಉಗಿದು, ಹೋಲ್ಡರಿಗೆ ಸಿಕ್ಕಿಸಿದ ಬಲ್ಬು ಉರಿದರೆ “ಸರಿಯಾಯ್ತು ಸಾರ್” ಅನ್ನುವವನು. ನ್ಯಾಯವಾಗಿ ಹೇಳಬೇಕೆಂದರೆ ಕೆಲಸ ಅಚ್ಚುಕಟ್ಟು. ಅರ್ತಿಂಗ್ ಗುಂಡಿಗೆ ಉಪ್ಪು, ಇದ್ದಿಲು ಪದರ ಪದರವಾಗಿ ಹಾಕುವಾಗ ಅವನ ಮುಖದಲ್ಲಿ ಉಪ್ಪಿನಕಾಯಿ ಹಾಕುವ ಅಜ್ಜಿಯ ಗಾಂಭೀರ್ಯ.

ಇನ್ನು ಮೆಗ್ಗರ್. ತಂತಿಯ ಹೊದಿಕೆ ಗಟ್ಟಿಯಿದೆಯೇ ಎಂದು ನೋಡಲು 500 ವೋಲ್ಟನ್ನು 1 ನಿಮಿಷ ಹಾಯಿಸಬೇಕು, ಕನಿಷ್ಠ 1 ಮೆಗಾಓಂ ಬರಬೇಕು. ಆ ಉಪಕರಣ ಮಾವನ ಬೀರುವಿನಲ್ಲಿ, ಅತ್ತೆಯ ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆಯ ಘಮದಲ್ಲಿ ಮಲಗಿದೆ. ಲೈಸೆನ್ಸ್ ನವೀಕರಣ ಬಂದಾಗ ಮಾತ್ರ ಉತ್ಸವಮೂರ್ತಿಯಂತೆ ಹೊರಗೆ ಹೊರಟು ಮತ್ತೆ ಗರ್ಭಗುಡಿ ಸೇರುತ್ತದೆ.

ಮಾವ ನನ್ನ ಕಾಗದವನ್ನು ಸ್ಕೂಟರ್ ಸೀಟಿನ ಮೇಲಿಟ್ಟು, ಸೀಲಿಗೆ ಬಾಯಿಂದ ಹಾ ಎಂದು ಉಸಿರು ಬಿಟ್ಟು, ಒತ್ತಿದರು. ‘50 ಮೆಗಾಓಂ’ ಎಂದು ಬರೆದರು.

“ನೋಡಲೇ ಇಲ್ಲವಲ್ಲ ಮಾವ, 50 ಹೇಗೆ ಬಂತು?”

“ಎಲ್ಲರ ಮನೆಗೂ 50 ಕಣಯ್ಯಾ. ಒಬ್ಬರಿಗೆ 60 ಬರೆದು ಇನ್ನೊಬ್ಬರಿಗೆ 40 ಬರೆದರೆ ನಾಳೆ ಬೀದೀಲಿ ಮುಖ ತೋರಿಸೋದು ಹೇಗೆ? ಮುಯ್ಯಿ ಮಾಡಿದ ಹಾಗೆ, ಎಲ್ಲರಿಗೂ ಒಂದೇ ಇರಬೇಕು.”

ಲೆಕ್ಕ ಚುಕ್ತಾ ಮಾಡಲು ಸಂಜೆ ಮತ್ತೆ ಹೋದೆ. ಹಜಾರದ ಗೋಡೆಯಲ್ಲಿ ತಿರುಪತಿ ತಿಮ್ಮಪ್ಪ, ಪಕ್ಕದಲ್ಲಿ ಕಟ್ಟು ಹಾಕಿಸಿದ ಲೈಸೆನ್ಸು, ಇಬ್ಬರಿಗೂ ಸೇರಿ ಒಂದು ಪುಟ್ಟ ಕೆಂಪು ಬಲ್ಬು. ಕತ್ತಲಾಗಿತ್ತು, ನಾನೇ ಸ್ವಿಚ್ಚಿನತ್ತ ಕೈ ಚಾಚಿದೆ.

“ಅಯ್ಯೋ, ಮುಟ್ಟಬೇಡಪ್ಪಾ!” ಅಡುಗೆಮನೆಯಿಂದ ಅತ್ತೆ ಓಡಿಬಂದರು. ಕೈಯಲ್ಲಿದ್ದ ಮುದ್ದೆಕೋಲಿನಿಂದ ಸ್ವಿಚ್ ಒತ್ತಿದರು. “ಸ್ವಲ್ಪ ಜುಮ್ ಅನ್ನುತ್ತೆ. ಇವರಿಗೆ ಹೇಳಿ ಹೇಳಿ ಸಾಕಾಯ್ತು. ಆ ಹುಡುಗ ಸಿಕ್ಕಿದರೆ ಒಂಚೂರು ಕಳಿಸಿಕೊಡು.”