ಡೊಮಿಂಗೊ ಪಾಯಸ್ ಸಾಹೇಬರಿಗೆ ಹುಲಿಹೈದರ ಬಜಾರದ ಬಹಿರಂಗ ಪತ್ರ

ಪೋರ್ಚುಗಲ್ ದೇಶದ ಪ್ರವಾಸಿ, ವಿಜಯನಗರದ ಹಿತೈಷಿ ಶ್ರೀ ಡೊಮಿಂಗೊ ಪಾಯಸ್ ಸಾಹೇಬರಿಗೆ,

ನಾವಿತ್ತ ಕನಕಗಿರಿ ತಾಲ್ಲೂಕಿನ ಹುಲಿಹೈದರದಲ್ಲಿ ಕ್ಷೇಮ, ಅಂಗಡಿಗಳೂ ಸದ್ಯಕ್ಕೆ ನಿಂತಿವೆ. ತಾವು 1520ರ ಸುಮಾರಿಗೆ ಕುದುರೆ ವ್ಯಾಪಾರಿಗಳ ಸಂಗಡ ಹೊಳೆಯಾಚೆಯ ವಿಜಯನಗರಕ್ಕೆ ಬಂದು, ಬಜಾರ ಸುತ್ತಿ, ಕಂಡದ್ದನ್ನೆಲ್ಲ ಬರೆದುಕೊಂಡು ಹೋದಿರಿ. ಮಾಣಿಕ್ಯ, ವಜ್ರ, ಮುತ್ತು, ಬಟ್ಟೆಯ ಅಂಗಡಿಗಳು. ದಿನಾ ಸಂಜೆ ಸಂತೆ, ಅದರಲ್ಲಿ ತಟ್ಟು ಕುದುರೆ, ನಿಂಬೆ, ಕಿತ್ತಳೆ, ದ್ರಾಕ್ಷಿ, ಕಟ್ಟಿಗೆ. ಶುಕ್ರವಾರದ ಸಂತೆಯಲ್ಲಿ ಹಂದಿ, ಕೋಳಿ, ಒಣಮೀನಿನ ಜೊತೆಗೆ ಹೆಸರೇ ತಿಳಿಯದ ಸ್ಥಳೀಯ ಸರಕುಗಳೂ ಇದ್ದವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದೀರಿ. ಆ ಒಂದು ಪಟ್ಟಿಯಿಂದ ಆ ಬಜಾರಕ್ಕೆ ಇತಿಹಾಸ ಬಂತು.

ನಮ್ಮ ಬಜಾರಕ್ಕೆ ಇತಿಹಾಸವಿಲ್ಲ, ಏಕೆಂದರೆ ಯಾವ ಪರದೇಶಿಯೂ ಇಲ್ಲಿ ಬಂದು ಪಟ್ಟಿ ಬರೆದಿಲ್ಲ. ನಮ್ಮಲ್ಲಿರುವ ಲಿಖಿತ ದಾಖಲೆಯೆಂದರೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ. ಅದನ್ನು ಪ್ರಕಟಿಸಿದರೆ ಅರ್ಧ ಊರು ರಾತ್ರೋರಾತ್ರಿ ಗುಳೇ ಹೋದೀತೆಂದು ಸುಮ್ಮನಿದ್ದೇವೆ. ಕಾಲಿದ್ದವ ಹಂಪಿ ನೋಡಬೇಕು, ಕಣ್ಣಿದ್ದವ ಕನಕಗಿರಿ ನೋಡಬೇಕು ಎಂಬ ಗಾದೆ ನಮ್ಮ ಭಾಗದ ಮಕ್ಕಳ ಬಾಯಲ್ಲೂ ಉಂಟು. ಕಿಸೆಯಿದ್ದವ ಎಲ್ಲಿಗೆ ಹೋಗಬೇಕೆಂದು ಗಾದೆ ಹೇಳುವುದಿಲ್ಲ. ಅವನು ಹುಲಿಹೈದರಕ್ಕೆ ಬರಬಹುದೆಂದು ನಮ್ಮ ನಮ್ರ ಸೂಚನೆ.

ಅದಕ್ಕೇ ಸಾಹೇಬರೇ, ಇನ್ನೊಮ್ಮೆ ಬರ್ರಿ. ಮಾಣಿಕ್ಯ ಸಿಗಲಿಕ್ಕಿಲ್ಲ. ಆದರೆ ಯೂರಿಯಾ ಬಂದ ದಿನ ಗೊಬ್ಬರದಂಗಡಿ ಮುಂದಿನ ಸಾಲು ನೋಡಿದರೆ ನಿಮ್ಮ ವಜ್ರದಂಗಡಿಗಳು ನೆನಪಿಗೂ ಬರಲಿಕ್ಕಿಲ್ಲ. ಶೇಂಗಾ, ಸಜ್ಜೆ, ತೊಗರಿ ಚೀಲಗಳ ತೂಕ, ಮೊಬೈಲ್ ರೀಚಾರ್ಜ್, ಟೈಲರ್ ಹೊಲಿಗೆ ಯಂತ್ರ, ಎಣ್ಣೆಯ ಕಡಾಯಿಯಲ್ಲಿ ಮಿರ್ಚಿ, ಅದರ ಪಕ್ಕಕ್ಕೆ ಮಂಡಾಳ ಒಗ್ಗರಣಿ. ಇವುಗಳ ಹೆಸರು ನಿಮಗೆ ತಿಳಿಯದಿದ್ದರೆ ಹಳೆಯ ವಾಡಿಕೆಯಂತೆ ‘ಹೆಸರು ತಿಳಿಯದ ಸರಕು’ ಎಂದೇ ಬರೆಯಿರಿ. ಪೋರ್ಚುಗೀಸ್ ಭಾಷೆಯಲ್ಲೇ ಬರೆಯಿರಿ. ಕನ್ನಡದಲ್ಲಿ ಬರೆದದ್ದನ್ನು ಜನ ವ್ಯವಹಾರವೆಂದು ತಿಳಿದುಕೊಳ್ಳುತ್ತಾರೆ, ಇತಿಹಾಸವೆಂದಲ್ಲ.

ತಡವಾಗುತ್ತದೆಂಬ ಚಿಂತೆ ಬೇಡ. ನಿಮ್ಮ ಬರಹ ಲಿಸ್ಬನ್ನಿನಲ್ಲಿ ಅಚ್ಚಾದದ್ದು 1897ರಲ್ಲಿ. ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ರಾಬರ್ಟ್ ಸೀವೆಲ್ ಅದನ್ನು 1900ರಲ್ಲಿ ಇಂಗ್ಲಿಷಿಗೆ ತಂದರು. ಹೆಚ್ಚುಕಡಿಮೆ ನಾಲ್ಕು ಶತಮಾನ. ಸರ್ಕಾರಿ ಕಡತದ ನಡಿಗೆ ಬಲ್ಲ ನಮಗೆ ಅದು ತಡವೆನಿಸಲಿಲ್ಲ.

ಈಗ ಒಂದು ಕಿರಿಕಿರಿಯ ವಿಷಯ. ಹಂಪಿಯ ವಿರೂಪಾಕ್ಷನ ಗುಡಿಯೆದುರಿನ ಬೀದಿಯಲ್ಲಿ ಮೊಗಸಾಲೆಗಳಿರುವ ಚೆಂದದ ಮನೆಗಳಿವೆ, ಯಾತ್ರಿಕರು ಅಲ್ಲಿ ತಂಗುತ್ತಾರೆ ಎಂದು ನೀವೇ ಬರೆದಿದ್ದೀರಿ. 2011ರ ಜುಲೈವರೆಗೂ ಅಲ್ಲಿ ನಡೆದದ್ದು ಅದೇ ರೀ. ಮಂಟಪದ ಕಂಬಗಳ ನಡುವೆ ಮನೆ, ಮನೆಯ ಮುಂದೆ ಅಂಗಡಿ, ಹಿಂದೆ ಯಾತ್ರಿಕನಿಗೊಂದು ಕೋಣೆ, ಸಂಜೆಗೆ ಒಂದು ಇಡ್ಲಿ ಪಾತ್ರೆ. 29ನೇ ತಾರೀಖು ಕೆಡವುವ ಯಂತ್ರ ಬಂತು. ನ್ಯಾಯಾಲಯದ ಆದೇಶವಿತ್ತು. ನೂರಾರು ಕುಟುಂಬಗಳು ಬೀದಿಗೆ ಬಂದವು, ಅವರಿಗೆ ಕಡ್ಡಿರಾಂಪುರದ ದಾರಿ ತೋರಿಸಿದರು. ಆ ವರ್ತಕರೆಲ್ಲ ಸಾಧುಗಳೆಂದು ನಾವು ಹೇಳುವುದಿಲ್ಲ. ಕಲ್ಲುಕಂಬಕ್ಕೆ ಸಿಮೆಂಟು ಮೆತ್ತಿದ್ದು, ಮಂಟಪದ ತಲೆಯ ಮೇಲೆ ಮಹಡಿ ಎಬ್ಬಿಸಿದ್ದು ಸುಳ್ಳಲ್ಲ. ಆದರೆ ಲೆಕ್ಕ ನೋಡಿ: 1520ರಲ್ಲಿ ಯಾತ್ರಿಕನಿಗೆ ಕೋಣೆ ಕೊಟ್ಟವನು ವಿಶ್ವ ಪರಂಪರೆ, 2011ರಲ್ಲಿ ಅದೇ ಬೀದಿಯಲ್ಲಿ ಕೋಣೆ ಕೊಟ್ಟವನು ಒತ್ತುವರಿದಾರ. ಈಗ ಮುಕ್ಕಾಲು ಕಿಲೋಮೀಟರ್ ಉದ್ದದ ಆ ಬೀದಿಯಲ್ಲಿ ಅಂಗಡಿಸಾಲೆಂದು ಫಲಕವಿದೆ, ಅಂಗಡಿಯಿಲ್ಲ. ಕೊಳ್ಳಲು ಹೋದವನು ಎದುರು ಬಸವಣ್ಣನವರೆಗೆ ನಡೆದು, ನಮಸ್ಕರಿಸಿ, ನೀರಡಿಸಿ ಬರಬೇಕು. ಹಂಪಿ ಉತ್ಸವ ಬಂದರೆ ಮಾತ್ರ ಸರ್ಕಾರವೇ ತಗಡಿನ ಮಳಿಗೆ ಹಾಕಿಸಿ ವಸ್ತುಪ್ರದರ್ಶನ ನಡೆಸುತ್ತದೆ. ಅದು ಒತ್ತುವರಿಯಲ್ಲ, ಸಂಸ್ಕೃತಿ.

ಹೊಳೆಯ ಈಚೆಯ ದಡವನ್ನೂ ಬಿಡಲಿಲ್ಲ. ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆಯ ರೆಸಾರ್ಟುಗಳು 2020ರ ಮಾರ್ಚಿನಲ್ಲಿ ನೆಲಸಮವಾದವು. ಅವುಗಳ ಬಗ್ಗೆ ನಮ್ಮ ಬಜಾರದಲ್ಲಿ ಅಷ್ಟು ಕಣ್ಣೀರು ಬರಲಿಲ್ಲ, ಅಲ್ಲಿನ ಚಹಾ ರೇಟು ಕೇಳಿದವರು ನಮ್ಮಲ್ಲಿದ್ದಾರೆ.

ಇದೆಲ್ಲ ನೋಡಿ ನಮ್ಮ ವರ್ತಕರು ಒಂದು ಸಿದ್ಧಾಂತಕ್ಕೆ ಬಂದಿದ್ದಾರೆ. ಬಜಾರ ಉಳಿಯಬೇಕೆಂದರೆ ಮೊದಲು ಅದು ಹಾಳಾಗಬೇಕು. 1565ರಲ್ಲಿ ವಿಜಯನಗರ ಸೂರೆಯಾಗದೆ ವ್ಯಾಪಾರ ಹಾಗೇ ನಡೆದಿದ್ದರೆ, ಅಲ್ಲಿನ ಪಾನ್ ಸುಪಾರಿ ಬಜಾರದಲ್ಲಿ ಈಗ ಗುಟ್ಕಾ ಚೀಟಿಗಳ ತೋರಣವಿರುತ್ತಿತ್ತು, ರಸ್ತೆ ಅಗಲೀಕರಣಕ್ಕೆ ಕೆಂಪು ಗುರುತು ಬಿದ್ದಿರುತ್ತಿತ್ತು. ಹಾಗಾಗಿ ನಮ್ಮ ಬಜಾರಕ್ಕೂ ಮುಂಗಡವಾಗಿ ಹಾಳು ಕೊಂಪೆಯ ಸ್ಥಾನಮಾನ ಕೊಡಿಸಬೇಕೆಂದು ಕೋರುತ್ತೇವೆ. ಅರ್ಹತೆ ಕಡಿಮೆಯಿಲ್ಲ. ಗಟಾರದ ಕೆಲವು ಕಲ್ಲುಗಳು ಯಾವ ಕಾಲದವೋ ನಿಶ್ಚಯವಾಗಿಲ್ಲ.

ನಮ್ಮದು ಹಳೆಯದೆನ್ನಲು ಇನ್ನೊಂದು ಪುರಾವೆ ಉಂಟು: ಅಂಗಡಿ ಗೇಣೂ ಕದಲದೆ ವಿಳಾಸ ಬದಲಾಗುತ್ತಲೇ ಬಂದಿದೆ. ಇಲ್ಲಿ ಹೈದರಾಬಾದಿನ ಹಾಲಿ ಸಿಕ್ಕಾ ರೂಪಾಯಿ ಎಣಿಸಿದ ಅಜ್ಜ ನಿಜಾಮನ ಪ್ರಜೆ. 1948ರ ಸೆಪ್ಟೆಂಬರ್ 17ಕ್ಕೆ ಭಾರತದವನಾದ, 1956ಕ್ಕೆ ಮೈಸೂರು ರಾಜ್ಯದವನಾದ, 1973ಕ್ಕೆ ಕರ್ನಾಟಕದವನಾದ. ಅವನ ಮಗನ ಕಾಲಕ್ಕೆ, 1997ರಲ್ಲಿ, ರಾಯಚೂರು ಜಿಲ್ಲೆ ಹೋಗಿ ಕೊಪ್ಪಳ ಬಂತು. ಮೊಮ್ಮಗನಿಗೆ ಗಂಗಾವತಿ ತಾಲ್ಲೂಕು ಹೋಗಿ ಕನಕಗಿರಿ ತಾಲ್ಲೂಕಾಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಇಷ್ಟರಲ್ಲಿ ಲಾಭವಾದದ್ದು ಬೋರ್ಡ್ ಬರೆಯುವ ಪೇಂಟರನಿಗೆ. ಮಿಕ್ಕವರಿಗೆ ಕಲ್ಯಾಣ ಇನ್ನೂ ಬಸ್ಸಿನಲ್ಲಿದೆ.

ದಾರಿಯ ವಿಷಯ. ಆನೆಗೊಂದಿಗೆ ಚರ್ಮ ಹೊದಿಸಿದ, ಬುಟ್ಟಿಯಂಥ ದುಂಡನೆಯ ಹರಿಗೋಲಿನಲ್ಲಿ ದಾಟುತ್ತಾರೆ, ಹದಿನೈದಿಪ್ಪತ್ತು ಮಂದಿ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳೂ ದಾಟುತ್ತವೆ ಎಂದು ಬರೆದಿದ್ದಿರಿ. ನಿಮ್ಮ ಹರಿಗೋಲು ತಾಳಿತು. ನಾವು ಅಲ್ಲೇ ಕಟ್ಟುತ್ತಿದ್ದ ಕಾಂಕ್ರೀಟ್ ಸೇತುವೆ 2009ರ ಜನವರಿಯಲ್ಲಿ ಕೆಲಸಗಾರರ ಸಮೇತ ಹೊಳೆಗೆ ಕುಸಿಯಿತು. ಆ ಸೇತುವೆಗೆ ಅಂಜಿಯೇ ಹಂಪಿಯನ್ನು 1999ರಲ್ಲಿ ಯುನೆಸ್ಕೊ ಅಪಾಯದ ಪಟ್ಟಿಗೆ ಸೇರಿಸಿತ್ತು. ಅಪಾಯ ಹಂಪಿಗಿಂತ ಹೆಚ್ಚಾಗಿ ಕೂಲಿಯವರಿಗಿತ್ತು, ಅವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಈಗ ಬುಕ್ಕಸಾಗರ–ಕಡೇಬಾಗಿಲು ಸೇತುವೆಯಿಂದ ದಾಟಿ ಗಂಗಾವತಿಗೆ ಬಂದು, ಕನಕಗಿರಿಯ ಬಸ್ಸು ಹಿಡಿಯಿರಿ. ಕನಕಾಚಲಪತಿಗೆ ಕೈಮುಗಿದು ಮುಂದೆ ಬನ್ನಿ.

ಬೇಗ ಬಂದರೆ ಒಳಿತು. ಅಂಗಡಿಗಳು ಇರುವಾಗಲೇ ಪಟ್ಟಿಯಾಗಲಿ.

ಇತಿ ತಮ್ಮ ವಿಶ್ವಾಸಿಗಳು,
ಹುಲಿಹೈದರ ಬಜಾರದ ಸಮಸ್ತ ವರ್ತಕರ ಪರವಾಗಿ, ಉದ್ರಿ ಬಾಕಿ ಇರುವ ಒಬ್ಬ ಗಿರಾಕಿ

ತಾ.ಕ.: ಈ ಸಲ ಕುದುರೆ ತರಬೇಡಿ. ಕಟ್ಟುವ ಜಾಗದಲ್ಲೆಲ್ಲ ಬೈಕು ನಿಂತಿವೆ, ಮಾರಲು ಬಿಲ್ಲು ಬೇರೆ ಕೇಳುತ್ತಾರೆ.