ಸೇವಾಮುಕ್ತಿ ಮೀಮಾಂಸೆ: ಹುಬ್ಬಳ್ಳಿ ಪಂಥ ಮತ್ತು ಧಾರವಾಡ ಪಂಥ

ಅಂಗಡಿಯ ಆಳನ್ನು ಮರ್ಯಾದೆಯಿಂದ ಬಿಡಿಸುವುದು ಹೇಗೆ ಎಂಬ ವಿಷಯದಲ್ಲಿ ನಮ್ಮ ಸೀಮೆಯ ಆಚಾರ್ಯರು ಎರಡು ಪಂಥವಾಗಿ ಒಡೆದಿದ್ದಾರೆ. ನಡುವಿನ ಅಂತರ ಹೆಚ್ಚುಕಡಿಮೆ 20 ಕಿ.ಮೀ., ಚಿಗರಿ ಬಸ್ಸಿನಲ್ಲಿ ಒಂದು ತೂಕಡಿಕೆ. ಸಿದ್ಧಾಂತದಲ್ಲಿ ಮಾತ್ರ ದ್ವೈತ-ಅದ್ವೈತದಷ್ಟು ದೂರ.

ಹುಬ್ಬಳ್ಳಿ ಪಂಥ ಸೂತ್ರಪ್ರಾಯವಾದದ್ದು: "ಲೆಕ್ಕಾ ಮುಗಿಸ್ಕೊಂಡು ಹೋಗಪಾ." ಇದನ್ನು ಗಿರಾಕಿಗಳು ತುಂಬಿರುವಾಗ, ಏರುದನಿಯಲ್ಲಿ ಪಠಿಸತಕ್ಕದ್ದು. ಧಾರವಾಡ ಪಂಥಕ್ಕೆ ಇದು ಶುದ್ಧ ಅನಾಗರಿಕತೆ. ಅಲ್ಲಿ ಮೊದಲು ಕುರ್ಚಿ, ಆಮೇಲೆ ಚಹಾ, ಆಮೇಲೆ ತಾಯಿಯವರ ಮೊಣಕಾಲು ನೋವಿನ ವಿಚಾರಣೆ. ಈ ಸಲದ ಮಳೆಯನ್ನೂ ಮುಗಿಸಿದ ಮೇಲೆ, "ನಿಮ್ಮಂಥಾವ್ರು ಇಲ್ಲೇ ಕುಂತು ಕೊಳೀಬಾರದ್ರಿ" ಎಂಬ ಉಪಸಂಹಾರ. ಕೇಳಿದವನು ಇದು ಬಡ್ತಿಯೆಂದೇ ತಿಳಿದು ಮರುದಿನ ಹತ್ತು ನಿಮಿಷ ಮೊದಲೇ ಬಂದು ಕಸ ಹೊಡೆಯುತ್ತಿರುತ್ತಾನೆ.

ಶಾಸನಕಾರರು ಎರಡೂ ಪಂಥಗಳನ್ನು ಬಲ್ಲವರು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮಿನಂತೆ, ಆರು ತಿಂಗಳು ಸತತ ದುಡಿದವನನ್ನು ತೆಗೆಯಬೇಕಾದರೆ ಸರಿಯಾದ ಕಾರಣ ಬೇಕು, ಜೊತೆಗೆ ಒಂದು ತಿಂಗಳ ನೋಟಿಸು ಇಲ್ಲವೆ ಅಷ್ಟು ದಿನದ ಪಗಾರ. ದುರ್ನಡತೆ ಎನ್ನುವುದಾದರೆ ನೋಟಿಸು ಬೇಡ. ಆದರೆ ವಿಚಾರಣೆ ನಡೆಸಿ ಸಾಕ್ಷ್ಯ ಬರೆದಿಡಬೇಕು. ಪ್ರಸ್ತುತ ಪ್ರಬಂಧಕಾರನ ಅಭಿಮತದಲ್ಲಿ ಆ ಒಂದು ತಿಂಗಳು ಆಳಿಗಾಗಿ ಇಟ್ಟದ್ದೇ ಅಲ್ಲ, ಸಾವುಕಾರನಿಗಾಗಿ ಇಟ್ಟದ್ದು. ಸಿಟ್ಟು ದುರ್ಗದಬೈಲಿನ ಮಿರ್ಚಿ ಇದ್ದಹಾಗೆ. ಆರಿದ ಮೇಲೆ ಯಾರೂ ಬಾಯಿಗಿಡುವುದಿಲ್ಲ. ದೊಡ್ಡ ಸಂಸ್ಥೆಗಳಿಗೂ ಈ ನಿಯಮ ತಪ್ಪಿದ್ದಲ್ಲ. 2021ರ ಏಪ್ರಿಲ್ ಮುಷ್ಕರದ ಕಾವಿನಲ್ಲಿ ರಾಜ್ಯದ ಸಾರಿಗೆ ನಿಗಮಗಳು ಸಿಬ್ಬಂದಿಯನ್ನು ದಂಡಿಯಾಗಿ ವಜಾ ಮಾಡಿದವು. ಕಾವು ಇಳಿದ ಮೇಲೆ ಅವರಲ್ಲಿ ಅನೇಕರನ್ನು ಮರಳಿ ಕರೆದುಕೊಂಡವು.

ಇನ್ನು ಆಕರಗ್ರಂಥಗಳೆಲ್ಲ ಮುಗುಮ್ಮಾಗಿರುವ ಒಂದು ವಿಷಯ ಉಳಿಯಿತು: ಉಚಲ, ಎಂದರೆ ಪಗಾರದ ಮುಂಗಡ. ಯಾವ ಪಂಥವೂ ಇದನ್ನು ದಾಟಲಾರದು. ಜವಳಿ ಸಾಲಿನ ಒಂದು ಅಂಗಡಿಯ ಪ್ರಯೋಗವನ್ನೇ ನೋಡಬಹುದು. ಸಾವುಕಾರರು ಸಿಟ್ಟನ್ನು ಪೂರ್ತಿ ನುಂಗಿಕೊಂಡು, ಚಾಳೀಸು ಏರಿಸಿ, ಕೆಂಪು ಬಟ್ಟೆ ಹೊದಿಸಿದ ಕಿರ್ದಿ ಬಿಚ್ಚಿದರು. ಬಾಕಿ ಪಗಾರಕ್ಕೆ ನೋಟಿಸಿನ ತಿಂಗಳು ಕೂಡಿಸಿದರು. ತಂಗಿಯ ಮದುವೆಗೆ, ಪಂಚಮಿಗೆ, ಬೈಕಿನ ರಿಪೇರಿಗೆ ಅಂತ ಗುಮಾಸ್ತ ಆಗಾಗ ಒಯ್ದ ಉಚಲವನ್ನು ಕಳೆದರು. ಮತ್ತೊಮ್ಮೆ ಕಳೆದರು. ಹೇಗೆ ಕಳೆದರೂ ಗುಮಾಸ್ತನಿಂದಲೇ 6,400 ರೂಪಾಯಿ ಬರಬೇಕು.

"ಹಂಗಾರ ಈ ರೊಕ್ಕಾ ಯಾವಾಗ ಕೊಡ್ತೀಪಾ?"

"ಮುಂದಿನ ಪಗಾರ ಆದಕೂಡ್ಲೆ ಕೊಡ್ತೇನ್ರಿ, ಸಾವ್ಕಾರ್ರ."